ಬೆಳ್ಳಗೆ ತೊಳೆದ ಸ್ಪಂಜು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ನಾಲ್ಕನೇ ಮಹಡಿಯ ಮನೆಯೊಂದರ ನಡುಕೋಣೆಯಲ್ಲಿ ನೀರಕ್ಕ ಗಾಜಿನ ತೊಟ್ಟಿಯ ಮುಂದೆ ಮಂಡಿಯೂರಿ ಕುಳಿತಿದ್ದಾರೆ. ತೆಳು ಕೊಳವೆಯ ಒಂದು ತುದಿ ನೀರಿನ ತಳದಲ್ಲಿ, ಇನ್ನೊಂದು ತುದಿ ಬಕೆಟ್ಟಿನಲ್ಲಿ. ನಿನ್ನೆ ತಿಂದುಳಿದ ಸೀಗಡಿ ಚೂರುಗಳನ್ನು ಕೊಳವೆ ಒಂದೊಂದಾಗಿ ಹೀರುತ್ತಿದೆ. ತೊಟ್ಟಿಯೊಳಗೆ ಬೆರಳುದ್ದದ ಒಂದೇ ಒಂದು ಕಡಲಕುದುರೆ ಪ್ಲಾಸ್ಟಿಕ್ ಗಿಡಕ್ಕೆ ಬಾಲ ಸುತ್ತಿಕೊಂಡು ನಿಂತಿದೆ.

"ಏನೇ, ಕುದುರೆ ಲಾಯ ಗುಡಿಸಿ ಆಯ್ತಾ?" ಅಡುಗೆಮನೆಯಿಂದ ಮನೆಯ ಹಿರಿಯಮ್ಮ ಕೂಗುತ್ತಾರೆ.

"ಆಯ್ತಮ್ಮ. ಲದ್ದಿ ಒಂದು ಬಾಕಿ."

ನೀರಕ್ಕ ಪುಟ್ಟ ಗಾಜಿನ ನಳಿಕೆಗೆ ತೊಟ್ಟಿಯ ನೀರು ತುಂಬಿ, ಮದ್ದಿನ ಹನಿ ಬಿಟ್ಟು, ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ಹಳದಿಯಾಗಿದ್ದರೆ ಕ್ಷೇಮ. ಹಸಿರಿಗೆ ತಿರುಗಿದರೆ ನೀರಿನಲ್ಲಿ ವಿಷ ಏರುತ್ತಿದೆ ಎಂದರ್ಥ. ಇಂದು ಹಳದಿ. ಆದರೂ ಮುಖದ ಬಿಗುವು ಸಡಿಲುವುದಿಲ್ಲ. ಇದೇ ಕಿಟಕಿಯ ಮುಂದೆ ಅವರು ಒಮ್ಮೆ ಕಡುಹಸಿರನ್ನೂ ಕಂಡಿದ್ದಾರೆ.

ಅವರ ಹೆಸರನ್ನು ಯಾರೂ ಕೇಳುವುದಿಲ್ಲ. ಮನೆಮನೆಯ ಮೀನಿನ ತೊಟ್ಟಿಗಳ ನೀರು ನೋಡಿಕೊಳ್ಳುವುದರಿಂದ ಎಲ್ಲರಿಗೂ ನೀರಕ್ಕ. ಗಂಡ ತೀರಿಕೊಂಡ ಮೇಲೆ ಬಣ್ಣದ ಮೀನಿನ ಅಂಗಡಿಯೊಂದರಲ್ಲಿ ನೆಲ ಒರೆಸಲು ಸೇರಿದವರು ನೋಡಿ ನೋಡಿಯೇ ಕಸುಬು ಕಲಿತರು. ಹಿಂದಿನ ದಿನವೇ ಉಪ್ಪುನೀರು ಕಲಸಿಟ್ಟು, ಬಕೆಟ್ಟುಗಳಲ್ಲಿ ಹೊತ್ತು ಮೆಟ್ಟಿಲು ಹತ್ತುತ್ತಾರೆ. ಸೊಂಟ ಯಾವಾಗಲೋ ಕೈಕೊಟ್ಟಿದೆ. ಕಟ್ಟಡಕ್ಕೆ ಲಿಫ್ಟ್ ಇಲ್ಲವೆಂದಲ್ಲ. ನೆಲ ಒದ್ದೆಯಾಗುತ್ತದೆಂದು ಬಕೆಟ್ ಹಿಡಿದವರನ್ನು ಅದರೊಳಗೆ ಬಿಡುವುದಿಲ್ಲ. ಸಾಕುನಾಯಿಗಳು ಮಾತ್ರ ರಾಜರೋಷವಾಗಿ ಓಡಾಡುತ್ತವೆ.

"ಬೇರೆ ಮೀನು ಸಾಕೋದು ಸಲೀಸು," ಎನ್ನುತ್ತಾರೆ ನೀರಕ್ಕ, ತಮ್ಮ ಬಗ್ಗೆ ಪತ್ರಿಕೆಗೆ ಬರೆಯಲು ಬಂದವರತ್ತ ತಿರುಗಿ. "ಇದಕ್ಕೆ ಹೊಟ್ಟೆ ಚೀಲಾನೇ ಇಲ್ಲ, ತಿಂದಿದ್ದು ಹಾಗೇ ಜಾರಿ ಹೋಗುತ್ತೆ. ಮತ್ತೆ ಮತ್ತೆ ತಿನ್ನಿಸ್ಬೇಕು, ಮಿಕ್ಕಿದ್ದು ಕೊಳೆಯೋಕೆ ಮುಂಚೆ ತೆಗೀಬೇಕು. ಈಜೋಕೂ ನೆಟ್ಟಗೆ ಬರಲ್ಲ, ಮೋಟಾರು ಜೋರಾದ್ರೆ ಒಣಹಾಕಿದ ಬಟ್ಟೆ ಥರ ಹಾರಿಹೋಗುತ್ತೆ. ಆದ್ರೆ ಒಂದು ಮಾತು, ಬಸಿರು ಹೊರೋದು ಗಂಡು. ಅದು ಗೊತ್ತಾದ ಮೇಲೆ ಈ ಜಾತಿ ಮೇಲೆ ನಂಗೆ ಗೌರವ ಬಂತು ನೋಡಿ."

ತೊಟ್ಟಿಯ ಹಿಂದೆ ನೀರು ಸೋಸುವ ಪೆಟ್ಟಿಗೆಯಿದೆ. ಅದರೊಳಗೊಂದು ಸ್ಪಂಜು. ಕಂದು ಬಣ್ಣ, ಮುಟ್ಟಿದರೆ ಲೋಳೆ. ಕೊಳೆಯಲ್ಲ ಅದು. ನೀರಿನ ವಿಷವನ್ನು ತಿಂದು ಮುಗಿಸುವ, ಕಣ್ಣಿಗೆ ಕಾಣದ ಜೀವಿಗಳು ನೆಲೆಸಿರುವುದೇ ಅಲ್ಲಿ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಸ್ಪಂಜನ್ನು ಮೆಲ್ಲಗೆ ಹಿಂಡಿ ಮರಳಿ ಇಡಬೇಕು. ನಲ್ಲಿ ನೀರಿಗೆ ಬೆರೆಸಿರುವ ಔಷಧಿ ತಾಕಿದರೆ ಅವೆಲ್ಲ ಸತ್ತವು.

ಬೆಳಿಗ್ಗೆ ಮೇಲೆ ಬರುವಾಗ, ಮೆಟ್ಟಿಲ ತಿರುವಿನಲ್ಲಿ ಬಕೆಟ್ ಇಳಿಸಿ, "ಇದನ್ನ ಬರೀಬೇಡಿ" ಎಂದು ನೀರಕ್ಕ ಒಂದು ವಿಷಯ ಹೇಳಿದ್ದರು. ಹೋದ ವರ್ಷ ಕೆಲವು ದಿನ ತಂಗಿಯ ಮನೆಗೆ ಹೋಗಿದ್ದರು. ಇವರು ಬರುವಷ್ಟರಲ್ಲಿ ಕೆಲಸ ಹಗುರವಾಗಿರಲಿ ಎಂದು ಹಿರಿಯಮ್ಮ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ಉಜ್ಜಿ ಉಜ್ಜಿ ಬೆಳ್ಳಗೆ ಮಾಡಿಟ್ಟಿದ್ದರು. ನೀರಕ್ಕ ಮರಳಿದಾಗ, ಆಗ ಜೋಡಿಯಾಗಿದ್ದ ಕಡಲಕುದುರೆಗಳಲ್ಲಿ ಹೆಣ್ಣು ತಳದಲ್ಲಿ ಸತ್ತು ಬಿದ್ದಿತ್ತು. ಸ್ಪಂಜು ನೋಡಿದ ಕೂಡಲೇ ಎಲ್ಲ ತಿಳಿಯಿತು. ಆದರೆ ದಿನವಿಡೀ ಆ ಜೋಡಿಯ ಮುಂದೆ ಕುಳಿತು ಮಾತಾಡಿಸುತ್ತಿದ್ದ ಮುದುಕಿಗೆ ನೀವೇ ಕೊಂದಿರಿ ಎನ್ನುವುದು ಹೇಗೆ? ಉಪ್ಪಿನ ಅಳತೆ ನನ್ನಿಂದಲೇ ತಪ್ಪಿತು ಎಂದುಬಿಟ್ಟರು.

ಹಿರಿಯಮ್ಮನ ಮಗ ಅದನ್ನೇ ಕಟ್ಟಡದ ತುಂಬ ಸಾರಿದ. ಸ್ವಂತ ಮನೆಯ ತೊಟ್ಟಿಗೆ ಒಂದು ದಿನವೂ ಕೈಯಿಟ್ಟವನಲ್ಲ, ನಾಲಿಗೆ ಮಾತ್ರ ಉದ್ದ. ನೀರಕ್ಕನಿಗೆ ಎರಡು ಮನೆಯ ಕೆಲಸ ತಪ್ಪಿತು. ಅಂದಿನಿಂದ ಅವರು ರಜೆಯನ್ನೇ ಹಾಕಿಲ್ಲ. ಈಗ ಮಗಳಿಗೆ ದಿನ ತುಂಬಿದೆ, ಹೋಗಲೇಬೇಕು. ನಿಜ ಹೇಳದೆ ಹೋದರೆ ಉಳಿದಿರುವ ಗಂಡೂ ಉಳಿಯುವುದಿಲ್ಲ.

ಹಿರಿಯಮ್ಮ ಟೀ ತರುತ್ತಾರೆ. ನೀರಕ್ಕನ ಕೈಯಲ್ಲಿರುವ ಸ್ಪಂಜು ನೋಡಿ ಮುಖ ಕಿವುಚುತ್ತಾರೆ.

"ಥೂ, ಏನೇ ಇದು! ನೀನು ಮಗಳ ಬಾಣಂತನ ಮುಗಿಸ್ಕೊಂಡು ಬಾ, ಅಷ್ಟರಲ್ಲಿ ನಾನು ತೊಳೆದಿಟ್ಟಿರ್ತೀನಿ. ಹೋದ ಸಲ ಹೇಗೆ ಬೆಳ್ಳಗೆ ಮಾಡಿದ್ದೆ! ಒಂದು ಒಳ್ಳೇ ಮಾತಾದ್ರೂ ಆಡಿದ್ಯಾ ನೀನು?"

"ಬೇಡಮ್ಮ. ಮುಟ್ಟಬೇಡಿ."

"ಯಾಕೆ, ನನ್ನ ಕೈ ಕೊಳಕಾ?"

"ನಿಮ್ಮ ಕೈ ಚೊಕ್ಕ ಆಗಿದ್ದೇ ಕಷ್ಟ ಆಯ್ತು." ನೀರಕ್ಕ ತೊಟ್ಟಿಯಿಂದ ಕಣ್ಣು ಕೀಳುವುದಿಲ್ಲ. "ಈ ಲೋಳೇಲೇ ಅದರ ಜೀವ ಇರೋದು. ನಲ್ಲಿ ನೀರು ಬಿದ್ರೆ ಮುಗೀತು."

ಹಿರಿಯಮ್ಮ ಸ್ಪಂಜನ್ನು ನೋಡುತ್ತಾರೆ. ಒಂಟಿ ಕುದುರೆಯನ್ನು ನೋಡುತ್ತಾರೆ.

"ಹಾಗಾದ್ರೆ... ಉಪ್ಪು?"

"ಉಪ್ಪು ಸರಿಯಾಗೇ ಇತ್ತಮ್ಮ."

ಹಿರಿಯಮ್ಮ ಟೀಯನ್ನು ನೆಲದ ಮೇಲಿಟ್ಟು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ.

ನೀರಕ್ಕ ಬಕೆಟ್ಟಿನ ನೀರಿನಲ್ಲಿ ಸ್ಪಂಜನ್ನು ಹಿಂಡುತ್ತಾರೆ, ಪೆಟ್ಟಿಗೆಯಲ್ಲಿ ಕೂರಿಸುತ್ತಾರೆ. "ಅವತ್ತೇ ಹೇಳಿದ್ರೆ ನಾಲ್ಕು ದಿನ ಅಳ್ತಿದ್ರು, ಸರಿಹೋಗ್ತಿದ್ರು. ವರ್ಷವಿಡೀ ಹೆಮ್ಮೆ ಪಡೋಕೆ ಬಿಟ್ಟು ಈಗ ಕಿತ್ಕೊಂಡೆ. ತಂಗಿ ಮನೆಗೆ ಹೊರಟಾಗಲೇ ಸ್ಪಂಜು ಮುಟ್ಟಬೇಡಿ ಅಂತ ಒಂದು ಮಾತು ಹೇಳ್ಬೇಕಿತ್ತು. ಅದನ್ನ ತೊಳೀತಾರೆ ಅಂತ ನಂಗೆ ಹೊಳೀಲೇ ಇಲ್ಲ."

ಮುಚ್ಚಿದ ಬಾಗಿಲ ಹಿಂದಿನಿಂದ ದನಿ ಬರುತ್ತದೆ. "ಆ ಪತ್ರಿಕೆಯವರು ಇದ್ದಾರೇನೇ?"

"ಇದ್ದಾರಮ್ಮ."

"ಉಪ್ಪು ಸರಿಯಾಗಿತ್ತು ಅಂತ ಬರ್ಕೊಳ್ಳೋಕೆ ಹೇಳು. ನನ್ನ ಮಗನೂ ಓದ್ಲಿ."

ಬರೆಯಬೇಡಿ ಎಂದಿದ್ದನ್ನು ಇಲ್ಲಿ ಬರೆದಿರುವುದು ಆ ಮಾತಿನ ಮೇಲೆ.

ಟೀ ಆರಿ ಕೆನೆಗಟ್ಟಿದೆ. ಬಾಗಿಲು ತೆರೆಯುವುದಿಲ್ಲ. ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದರೆ ನೀರಕ್ಕ ಲಿಫ್ಟ್ ಕೇಳುವುದಿಲ್ಲ, ಕೈತಪ್ಪಿದ ಮನೆಗಳನ್ನೂ ಕೇಳುವುದಿಲ್ಲ. ಬಕೆಟ್ ಎತ್ತಿಕೊಂಡು ಆ ಬಾಗಿಲನ್ನೇ ನೋಡುತ್ತಾರೆ.

"ನಾಳೆ ನಾನು ಲಾಯ ಗುಡಿಸೋ ಹೊತ್ತಿಗೆ ಆ ಅಮ್ಮ ಹೊರಗೆ ಬಂದ್ರೆ ಸಾಕು. ನನ್ನ ಬೈಯೋಕಾದ್ರೂ ಸರಿ."