ಲೋಯ್ಜಜ್ಜನ ಗಂಟೆ
ಲ್ಯುಬ್ಲ್ಯಾನಾದ ನಮ್ಮ ಗುಡ್ಡವನ್ನು ಲೋಯ್ಜಜ್ಜ ಹತ್ತದ ಬೆಳಗೇ ಇಲ್ಲ. ಹಿಮ ಬೀಳಲಿ, ಮೊಮ್ಮಗಳ ಮದುವೆಯೇ ಇರಲಿ, ಕೋಲೂರಿಕೊಂಡು ಹೊರಟೇ ಬಿಡುತ್ತಾನೆ. ದಾರಿಯಲ್ಲಿ ದಣಿದು ಕೂತವರನ್ನು ಕಂಡರೆ, "ಏಳ್ರೋ, ಕೂತ್ರೆ ಮಂಡಿಗೆ ತುಕ್ಕು ಹಿಡಿಯುತ್ತೆ!" ಎಂದು ಗದರುತ್ತಾನೆ. ಡಾಕ್ಟರ ಮಾತೆತ್ತಿದರೆ, "ಅವನೇ ನನ್ನ ಹಿಂದೆ ಏದುಸಿರು ಬಿಡ್ತಾ ಬರ್ತಾನೆ" ಎಂದು ನಗುತ್ತಾನೆ. ತುದಿಯ ಇಗರ್ಜಿಯ ಗಂಟೆಯನ್ನು ಒಂದೇ ಸಲ ಬಾರಿಸಿ ಏನಾದರೊಂದು ಬೇಡಿಕೊಳ್ಳುವುದು ನಮ್ಮ ವಾಡಿಕೆ. ಇವನು ಹಗ್ಗವನ್ನೇ ಬಿಡುವುದಿಲ್ಲ. "ಸಾಕು ಬಿಡಜ್ಜಾ, ದೇವರೇನು ಕಿವುಡನಾ?" ಎಂದು ಸಾಲಿನಲ್ಲಿ ನಿಂತ ನಾವು ರೇಗುತ್ತೇವೆ. "ದೇವರನ್ನ ಯಾರು ಕರೀತಿದಾರೆ?" ಎಂದು ಮತ್ತೆ ಜಗ್ಗುತ್ತಾನೆ. ಗುಡ್ಡದ ಬುಡದ ಮನೆಯಲ್ಲಿ, ಪಾರ್ಶ್ವವಾಯು ಬಡಿದ ಮಿಲ್ಕಜ್ಜಿ ಕಿಟಕಿ ತೆರೆದು ಕೂತಿರುತ್ತಾಳೆ. ಗಂಡನ ಒಂದೊಂದು ಬಡಿತಕ್ಕೂ ಸೋತ ಬಲಗೈಯನ್ನು ಒಮ್ಮೆ ಎತ್ತಿ ಇಳಿಸುತ್ತಾಳೆ. ಹೋದ ಚಳಿಗಾಲದಲ್ಲಿ ಅಜ್ಜ ಮೂರೇ ಸಲ ಬಾರಿಸುತ್ತಿದ್ದ. ಈಗ ಹನ್ನೊಂದು.