ಕೂಡ್ರಲಾರದ ಬೀಗ

ಇವತ್ತು ಬೆಳಿಗ್ಗೆ ಮೊಮ್ಮಗಳ ಸ್ನಾನಕ್ಕೆಂದು ಪ್ಲಾಸ್ಟಿಕ್ ಟಬ್ಬಿನಲ್ಲಿ ಬಿಸಿನೀರು ಬೆರೆಸುತ್ತಿದ್ದೆ. ಹಬೆ ಮುಖಕ್ಕೆ ಬಡಿಯಿತು ನೋಡಿ, ದಾಂಡೇಲಿಯ ನಮ್ಮ ಬಚ್ಚಲು ಮೆಲ್ಲಗೆ ಕರಗಿ ಮಳಗಿ ಊರಿನ ಒಂದು ಪಡಸಾಲೆ ಎದ್ದುಬಂತು. ಅಲ್ಲಿ ನಾನು ಕಂಬದ ಹಾಗೆ ನಿಂತಿದ್ದೇನೆ.

ಕೆಲ ವರ್ಷಗಳ ಹಿಂದೆ ಮಗಳ ಮದುವೆಯ ಮಾತಿಗೆ ನಾನೂ ಹೆಂಡತಿಯೂ ಆ ಹುಡುಗನ ಮನೆಗೆ ಹೋಗಿದ್ದೆವು. ಅದಕ್ಕೆ ಮೂರು ದಿನ ಮೊದಲು, ಸ್ನಾನ ಮಾಡುವಾಗ, ಹೇಳಬಾರದ ಜಾಗದ ಅಂಚಿನಲ್ಲಿ ಕಡಲೆಕಾಳಿನಷ್ಟು ಗಂಟು ಕೈಗೆ ಸಿಕ್ಕಿತ್ತು. ಮುಟ್ಟಿದರೆ ಜೀವ ಹೋಗುವಷ್ಟು ನೋವು. ದಿನವಿಡೀ ಆಟೋದಲ್ಲಿ ಕೂತೇ ಬದುಕುವ ನಾನು, ಇದು ದೊಡ್ಡ ರೋಗವೇ ಎಂದು ತೀರ್ಮಾನಿಸಿ, ಹೆಂಡತಿಗೂ ಹೇಳದೆ, ಮನಸ್ಸಿನಲ್ಲೇ ನನ್ನ ತಿಥಿಯ ಅಡುಗೆಯನ್ನೂ ಗೊತ್ತುಮಾಡಿದ್ದೆ.

“ಕೂಡ್ರಿ ಬರ್ರಿ,” ಎಂದರು ಹುಡುಗನ ತಂದೆ.

“ಇರಲಿ ಬಿಡ್ರಿ, ನಿಂತಿರ್ತೇನಿ.”

ನಮ್ಮ ಕಡೆ, ಕರೆದ ಮನೆಯಲ್ಲಿ ಕೂಡ್ರದವನು ಸಂಬಂಧ ಒಲ್ಲದವನು. ಮೂರನೆಯ ಸಲವೂ ಬೇಡವೆಂದಾಗ ಒಳಗೆ ಬಳೆಗಳ ಸದ್ದು ನಿಂತಿತು. ಮಗಳು ಮೆಚ್ಚಿದ ಹುಡುಗ ತಲೆ ತಗ್ಗಿಸಿದ. ಹೆಂಡತಿ ನನ್ನನ್ನು ಕಣ್ಣಲ್ಲೇ ಸುಡುತ್ತಿದ್ದಳು. ನನಗೋ ಅಳು ಬಂದಿತ್ತು.

ಹುಡುಗನ ತಂದೆ ನನ್ನನ್ನು ಹಿತ್ತಲಿಗೆ ಕರೆದೊಯ್ದರು. “ನಮ್ಮ ಮನ್ಯಾಗ ಏನು ಕೊರತಿ ಕಂಡಿರಿ?”

“ಮನೀದಲ್ರೀ, ನಂದು. ಕೂಡ್ರಾಕ ಬರೂದಿಲ್ಲ,” ಎಂದು ಎಲ್ಲ ಹೇಳಿಬಿಟ್ಟೆ.

ಅವರು ನಗಲಿಲ್ಲ. “ಮೂಲವ್ಯಾಧಿ ಇರಬೇಕ್ರಿ, ಹೊರಗಿಂದು. ನನಗೂ ಆಗಿತ್ತು. ಆದ್ರ ನನ್ನ ಮಾತ ನಂಬ್ಕೊಂಡ ಸುಮ್ಮನಿರಬ್ಯಾಡ್ರಿ, ಡಾಕ್ಟರಿಗೆ ತೋರಸೂಣು.”

ಮುಂಡಗೋಡಕ್ಕೆ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಹೊರಟೆವು. ನಾನು ನಿಂತೆ, ಅವರೂ ಕೂಡ್ರಲಿಲ್ಲ. ಎರಡೂ ಬದಿಯ ಗದ್ದೆಗಳು ನಿದ್ದೆಗಣ್ಣಿನಲ್ಲಿ ಕಂಡಂತೆ ಹಿಂದೆ ಹಿಂದೆ ಸರಿಯುತ್ತಿದ್ದವು. ಸಾಯುತ್ತೇನೆಂಬ ಯೋಚನೆ ಎಲ್ಲೋ ದಾರಿಯಲ್ಲೇ ಉದುರಿಹೋಯಿತು.

ಡಾಕ್ಟರು ಪರೀಕ್ಷಿಸಿದರು. ಗುದದ್ವಾರದ ಅಂಚಿನ ರಕ್ತನಾಳ ಊದಿ, ಒಳಗೆ ರಕ್ತ ಹೆಪ್ಪುಗಟ್ಟಿದೆ, ಅದಕ್ಕೇ ಗಂಟು ನೀಲಿಯಾಗಿದೆ ಎಂದರು. ದಿನ ಕಳೆದಂತೆ ಕುಗ್ಗುತ್ತದಂತೆ. ಟಬ್ಬಿನಲ್ಲಿ ಬೆಚ್ಚಗಿನ ನೀರು ಹಾಕಿ ಕೂಡ್ರಬೇಕು, ಸೊಪ್ಪು ತಿಂದು ನೀರು ಕುಡಿಯಬೇಕು, ತಿಣುಕಬಾರದು. ರಕ್ತ ಹೋದರೆ, ನೋವು ಇಳಿಯದಿದ್ದರೆ, ಮತ್ತೆ ತೋರಿಸಬೇಕು.

ಮರಳಿದಾಗ ಎಲ್ಲರೂ ಜಮಖಾನದ ಮೇಲೆ ಸಪ್ಪಗೆ ಕೂತಿದ್ದರು. “ಏಳ್ರಿ ಎಲ್ಲಾರೂ. ಈ ಮಾತು ನಿಂತ ಆಡೂಣು,” ಎಂದರು ಹುಡುಗನ ತಂದೆ. ಯಾಕೆಂದು ಯಾರಿಗೂ ಹೇಳಲಿಲ್ಲ. ಹುಡುಗನ ಅಜ್ಜಿಯೂ ಗೋಡೆ ಹಿಡಿದು ಎದ್ದಳು. ನಿಂತುಹೋಗಬೇಕಿದ್ದ ಮದುವೆ ನಿಂತೇ ಗಟ್ಟಿಯಾಯಿತು.

ಈಗ ನನ್ನ ಆಟೋದಲ್ಲಿ ಯಾರಾದರೂ ಒಂದೇ ಪಕ್ಕಕ್ಕೆ ಭಾರ ಹಾಕಿ ಕೂತರೆ ಸುಮ್ಮನಿರಲಾರೆ. ಮೊನ್ನೆ ಹಳಿಯಾಳಕ್ಕೆ ಹೊರಟ ಹಿರಿಯರೊಬ್ಬರನ್ನು, “ಕೂಡ್ರಾಕ ತ್ರಾಸ ಆಗ್ತೈತೇನ್ರಿ?” ಎಂದು ಕೇಳಿದೆ. ಅವರು ಬೆಚ್ಚಿ ಹೊರಗೆ ನೋಡಿದರು. ಅರ್ಧ ದಾರಿಯಲ್ಲಿ ಅವರ ಮಾತು ಶುರುವಾಯಿತು. ಹಳಿಯಾಳ ಬಂದರೂ ಮುಗಿಯಲಿಲ್ಲ. ಇಂಜಿನ್ ಆರಿಸಿ, ಕೇಳುತ್ತ ಕೂತೆ.