ಅಬ್ಬಲಿಗೆ ಸಾಲು

ಅಬ್ಬಲಿಗೆಗೆ, ಘಟ್ಟದ ಮೇಲಿನವರ ಕನಕಾಂಬರಕ್ಕೆ, ಪರಿಮಳವಿಲ್ಲ ಎನ್ನುವವರ ಜೊತೆ ನಾನು ವಾದಕ್ಕಿಳಿಯುವುದಿಲ್ಲ. ಆದರೆ ಮೊನ್ನೆ ಬ್ರಹ್ಮಾವರದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಹೂ ಮಾರುವವಳು ಬುಟ್ಟಿಯ ಮೇಲಿನ ಬಾಳೆಲೆ ಸರಿಸಿದಳು ನೋಡಿ, ಒದ್ದೆ ಬಾಳೆನಾರಿನ ವಾಸನೆ ಮೂಗಿಗೆ ಬಡಿದು, ಬಂದ ಬಸ್ಸನ್ನೇ ಬಿಟ್ಟುಬಿಟ್ಟೆ. ಅದು ನಮ್ಮ ದೊಡ್ಡಮ್ಮನ ಕೈಯ ವಾಸನೆ, ಕುಂದಾಪುರದ ಪಾರ್ಕಿನ ಸಂಜೆಗಳ ವಾಸನೆ. ಈಗ ಆ ಜಾಗದಲ್ಲಿ ಯಾವುದೋ ಕಚೇರಿಯಿದೆ. ಅಲ್ಲೊಂದು ಪಾರ್ಕಿತ್ತು ಎಂದರೆ ನಂಬುವವರೂ ಕಡಿಮೆ.

ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ಬಿಜೂರಿನ ಮನೆ ಪಾಲಾದ ಮೇಲೆ ನಮ್ಮೊಂದಿಗಿರಲು ಬಂದವರು. ಬರುವಾಗ ತಂದದ್ದು ಒಂದು ಟ್ರಂಕು, ಒಂದು ಬುಟ್ಟಿ ತುಂಬ ಅಬ್ಬಲಿಗೆ ಸಸಿ. ನಮ್ಮ ಬಾಡಿಗೆ ಮನೆಗೋ ಅಂಗಳವೇ ಇಲ್ಲ, ಬಾಗಿಲು ತೆಗೆದರೆ ರಸ್ತೆ. ಅವರು ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ನೇರ ಎದುರಿನ ಪಾರ್ಕಿಗೆ ನಡೆದರು. ಮಾಲಿ ಶೀನಣ್ಣ ಬೇಲಿಯ ಬದಿಗೆ ಒಂದು ಸಾಲು ಬಿಟ್ಟುಕೊಟ್ಟ. ಅಲ್ಲಿಂದ ಮುಂದೆ ಅದು ಊರಿಗೆ ಪಾರ್ಕು, ನಮಗೆ ಅಂಗಳ. ಸಂಜೆ ನಾನೂ ತಂಗಿಯೂ ಸಿಮೆಂಟು ಬೆಂಚಿನ ಮೇಲೆ ಬೆನ್ನು ತಿರುಗಿಸಿ ಕೂತರೆ, ದೊಡ್ಡಮ್ಮ ಹೂ ಕೊಯ್ದು, ಕಟ್ಟಿ, ಜಡೆಗೆ ಮುಡಿಸಿಯೇ ಏಳಗೊಡುತ್ತಿದ್ದದ್ದು.

ಆಗ ರಾಜ್ಯ ಒಂದಾದ ಹೊಸತು. ಘಟ್ಟದ ಮೇಲಿನಿಂದ ಬಂದ ಸಾಹೇಬರೊಬ್ಬರು ಗೇಟಿಗೆ ತಗಡಿನ ಬೋರ್ಡು ಹಾಕಿಸಿದರು: ‘ಹೂ ಕೀಳಬಾರದು’. ಪಾಪ, ಶೀನಣ್ಣ ಹೇಳಲೇಬೇಕಾಯಿತು.

“ಹ್ವಾಯ್ ಅಕ್ಕ, ಬೋರ್ಡ್ ಕಾಣಿ. ಹೂ ಕೀಳುಕಾಗ ಅಂದೇಳಿ ಬರ್ದಿತ್.”

ನಮ್ಮ ಕಡೆ ಹೂವನ್ನು ಕೊಯ್ಯುತ್ತಾರೆ. ಕೀಳುವುದೇನಿದ್ದರೂ ಹುಲ್ಲನ್ನು, ಬೇರು ಸಮೇತ. ದೊಡ್ಡಮ್ಮ ತಲೆಯೆತ್ತದೆ, “ನಾ ಎಲ್ಲಿ ಕಿತ್ತೆ ಮಾರಾಯ? ನಾ ಕೊಯ್ದದ್. ಗಿಡ ಅಲ್ಲೇ ಇತ್ತಲ್ದಾ?” ಎಂದರು. ಶೀನಣ್ಣ ತಲೆ ಕೆರೆದುಕೊಂಡ. ವರ್ಷಗಟ್ಟಲೆ ಅವನು ಅದನ್ನೇ ಹೇಳಿದ, ಇವರು ಇದನ್ನೇ ಹೇಳಿದರು. ಸಾಹೇಬರ ಜೀಪು ಕಂಡರೆ ಮಾತ್ರ ಅವನು ದೂರದಿಂದಲೇ ಜೋರಾಗಿ ಕೆಮ್ಮುತ್ತಿದ್ದ, ದೊಡ್ಡಮ್ಮ ಹೂವನ್ನು ಸೆರಗಿಗೆ ಹಾಕಿಕೊಳ್ಳುತ್ತಿದ್ದರು.

ನಾನು ಹೈಸ್ಕೂಲಿನಲ್ಲಿದ್ದಾಗ ಕಚೇರಿ ಕಟ್ಟಲು ಆ ಜಾಗ ಬೇಕಾಯಿತು. ಒಂದು ಸಂಜೆ ಶಾಲೆಯಿಂದ ಬಂದರೆ ಗೇಟಿಲ್ಲ, ಬೆಂಚಿಲ್ಲ. ಅಬ್ಬಲಿಗೆಯ ಇಡೀ ಸಾಲು ಬೇರು ಮೇಲಾಗಿ ಕಟ್ಟಡಕ್ಕೆ ತಂದು ಸುರಿದ ಹೊಯಿಗೆ ರಾಶಿಯ ಮೇಲೆ ಬಿದ್ದಿತ್ತು. ಬೋರ್ಡು ಅಲ್ಲೇ ಕಲ್ಲಿಗೆ ಒರಗಿತ್ತು. ದೊಡ್ಡಮ್ಮ ಅದನ್ನು ನೋಡುತ್ತ ನಿಂತಿದ್ದರು.

“ಶೀನಾ, ಇದನ್ನ್ ಬರ್ದರಿಗೆ ಓದುಕ್ ಬತ್ತಿಲ್ಯಾ?”

ನನಗೆ ಅಳು ಬಂತು. ಮತ್ತೆ ನೆಡೋಣವೆಂದರೆ ನಮಗೆ ಅಂಗಳವಿಲ್ಲ. ದೊಡ್ಡಮ್ಮ ಅಳಲಿಲ್ಲ. ನೆಲದಲ್ಲಿ ಕೂತು, ಕಿತ್ತು ಬಿಸಾಡಿದ ಗಿಡಗಳನ್ನು ಒಂದೊಂದಾಗಿ ಮಡಿಲಿಗೆಳೆದುಕೊಂಡು ಹೂ ಕೊಯ್ಯತೊಡಗಿದರು, ನಾಳೆಯೂ ಹೂ ಬಿಡಬೇಕಾದ ಗಿಡವೆಂಬಂತೆ, ಹೂವಿನ ತೆನೆಗೆ ನೋವಾಗದ ಹಾಗೆ. ಸ್ವಲ್ಪ ಹೊತ್ತಿಗೆ ಶೀನಣ್ಣನೂ ಎದುರು ಕೂತು ಕೊಯ್ಯಲು ಕೈಹಾಕಿದ.

ಅಂದು ಮುಡಿಸಿದ್ದು ಎಂದಿಗಿಂತ ಉದ್ದದ ಮಾಲೆ. ಅಬ್ಬಲಿಗೆ ಬೇಗ ಬಾಡುವುದಿಲ್ಲ. ಮೂರು ದಿನ ನಾನು ಜಡೆ ಬಿಚ್ಚಲಿಲ್ಲ.